ಕಾವಲಿಗೆ ಚಿಮುಕಿಸಿದ ನೀರು

ಮಾರ್ಚ್ 4, ಮಂಗಳವಾರ

ಅಂದರೆ ನರವೇ ಇಲ್ಲ. ಎರಡೂ ಕಡೆ ಇಲ್ಲ.

ಡಾಕ್ಟರು ಕಂಪ್ಯೂಟರಿನಲ್ಲಿ ನನ್ನ ಮಗಳು ದೀಪಾಲಿಯ ತಲೆಯ ಒಳಗಿನ ಫೋಟೋ ತೋರಿಸಿದರು. ಪೆನ್ನಿನ ತುದಿಯನ್ನು ಒಂದು ಜಾಗಕ್ಕೆ ಮುಟ್ಟಿಸಿ ತುಂಬ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದರು. ಸಂಯುಕ್ತಾ ಮೇಡಂ ಅದನ್ನು ಕನ್ನಡಕ್ಕೆ ತಂದರು. ಮೇಡಂ ಇಲ್ಲಿ ಅಮೆರಿಕದಲ್ಲಿ ನಾವಿರುವ ಮನೆಯ ಒಡತಿ, ಮೈಸೂರಿನವರು. ಮಹಡಿಯಲ್ಲಿ ಅವರು, ಕೆಳಗಿನ ಎರಡು ಕೋಣೆಯಲ್ಲಿ ನಾವು. ಪಾಲೋ ಆಲ್ಟೋದ ಆಫೀಸಿಗೆ ಅರ್ಧ ದಿನ ರಜೆ ಹಾಕಿ ನಮಗಾಗಿ ಬಂದಿದ್ದರು.

"ಕುಬೇರಪ್ಪಣ್ಣ, ಕಿವಿ ಒಳಗೆ ಎಲ್ಲಾ ಸರಿಯಾಗೇ ಇದೆಯಂತೆ. ಆದ್ರೆ ಕಿವಿಯಿಂದ ಮೆದುಳಿಗೆ ಸದ್ದು ತಗೊಂಡು ಹೋಗೋ ನರ ಇರತ್ತಲ್ಲ, ಅದು ಬೆಳೆದೇ ಇಲ್ಲ. ಅದಕ್ಕೇ ಆರು ತಿಂಗಳು ಕಿವಿಗೆ ಮೆಷಿನ್ನು ಹಾಕಿದ್ರೂ ಪಾಪುಗೆ ಏನೂ ಗೊತ್ತಾಗ್ಲಿಲ್ಲ. ಆಪರೇಷನ್ ಮಾಡಿದ್ರೂ ಪ್ರಯೋಜನ ಇಲ್ಲ ಅಂತಿದ್ದಾರೆ."

"ಅಂದ್ರ ಮನ್ಯಾಗ ಫೋನ್ ಐತಿ, ಕಂಬದಿಂದ ವೈರ್ ಎಳದಿಲ್ಲ ಅಂದಂಗಾತು" ಅಂದೆ.

ಮೇಡಂ ಅದನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಡಾಕ್ಟರು ನಗಲಿಲ್ಲ. ಸರಿಯಾಗಿ ಹೇಳಿದಿರಿ ಅಂದರಂತೆ. ನನ್ನ ಜೋಕನ್ನು ಇಷ್ಟು ಓದಿದ ಮನುಷ್ಯ ಸರಿ ಅಂದದ್ದು ಇದೇ ಮೊದಲು.

ನನ್ನ ಹೆಂಡತಿ ನೀಲಾಬಾಯಿ ಒಂದೇ ಪ್ರಶ್ನೆ ಕೇಳಿದಳು. "ಮಾತು ಬರ್ತೈತೇನ್ರಿ ಆಕಿಗೆ?"

ಡಾಕ್ಟರು ಹೇಳಿದ್ದು ಇಷ್ಟು. ಮಗುವಿಗೆ ಎರಡು ವರ್ಷ ಆಯಿತು, ಇನ್ನು ಕಾಯಬೇಡಿ, ಈಗಿನಿಂದಲೇ ಕೈಯ ಭಾಷೆ ಶುರು ಮಾಡಿ. ಮಗುವಿಗೆ ಯಾವುದಾದರೂ ಒಂದು ಭಾಷೆ ಬೇಕೇ ಬೇಕು.

ಕಾರಿನಲ್ಲಿ ನೀಲಾಬಾಯಿ ಹೇಳಿದಳು. "ಕೈ ಮಾಡೂದು ಬ್ಯಾಡ. ಕೈ ಕಲಸಿದ್ರ ಬಾಯಿ ಬರೂದಿಲ್ಲಂತ ಅಕ್ಕ ಫೋನ್‌ನ್ಯಾಗ ಹೇಳ್ಯಾಳ. ಬಾಯಿ ಬರೂತನಾ ನಾನ ಮಾತಾಡಾಕಿ."

 ದೀಪಾಲಿ ಕಿಟಕಿಯ ಗಾಜು ನೆಕ್ಕುತ್ತಿದ್ದಳು.

ಇದನ್ನು ನಾನು ದೋಸೆ ಹಾಕುವ ಹೋಟೆಲಿನ ಹಳೇ ಆರ್ಡರ್ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಕೆಳಗೆ ಕಾರ್ಬನ್ ಇದೆ. ಏನು ಬರೆದರೂ ಎರಡು ಪ್ರತಿ, ಒಂದು ಅಡಿಗೆಮನೆಗೆ, ಒಂದು ಕೌಂಟರಿಗೆ. ಮಗು ದಿನಾ ಏನು ಮಾಡುತ್ತದೆ ಬರೆಯಿರಿ ಅಂತ ಆಸ್ಪತ್ರೆಯವರು ಒಂದು ಚಾರ್ಟು ಕೊಟ್ಟಿದ್ದರು. ಅದು ಇಂಗ್ಲಿಷಿನದು, ಮೇಡಂ ತುಂಬುತ್ತಿದ್ದರು. ಇನ್ನು ಅದು ಬೇಡ ಅಂದರು. ನನಗೆ ಯಾರೂ ಬೇಡ ಅಂದಿಲ್ಲ, ಆದ್ದರಿಂದ ಬರೆಯುತ್ತೇನೆ.

ನಾನು ಓದಿದ್ದು ಆರನೇ ಇಯತ್ತೆ. ಬದುಕಿದ್ದೆಲ್ಲ ಬಾಯಿಯ ಮೇಲೆ. ಮದುವೆಯಾಗಿ ಹದಿನಾರು ವರ್ಷಕ್ಕೆ ಹುಟ್ಟಿದ ಮಗಳು ಇವಳು. ಬಹಳ ತಡವಾಗಿ ಬಂದ ಆರ್ಡರ್ ಅಂತ ನಾನು ಊರಿಗೆ, ರಾಣೆಬೆನ್ನೂರಿಗೆ ಪೂರ್ತಿ ಫೋನು ಮಾಡಿ ಹೇಳಿದ್ದೆ. ಜನ ನಕ್ಕಿದ್ದರು. ಇವಳಿಗೆ ನನ್ನ ಒಂದು ಜೋಕೂ ಮುಟ್ಟುವುದಿಲ್ಲ ಅಂದ ಮೇಲೆ ನಾನು ಇವಳಿಗೆ ಯಾರು? ದೋಸೆ ಹಾಕಿಕೊಡುವ ಒಬ್ಬ ದಪ್ಪ ಮನುಷ್ಯ.

ಹೀಗೆ ಬರೆದೆ, ಆದರೆ ಬರೆಯುವಾಗ ಏನೂ ಅನಿಸಲಿಲ್ಲ. ಬೇರೆ ಯಾರದೋ ಆರ್ಡರ್ ಬರೆದುಕೊಂಡ ಹಾಗೆ ಬರೆದೆ.

ಮಾರ್ಚ್ 5, ಬುಧವಾರ

ಹೋಟೆಲಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಅಡಿವೆಪ್ಪ ಮೂಗು ಎತ್ತಿ ವಾಸನೆ ಹಿಡಿದ. "ಏ ಕುಬೇರಾ, ಏನೋ ಸುಡಾಕತ್ತೈತಿ ನೋಡೋ." ಸುತ್ತ ನೋಡಿದೆ. ಸುಡುತ್ತಿದ್ದದ್ದು ನಾನು. ಕಾವಲಿಯ ಅಂಚು ಮಣಿಕಟ್ಟಿಗೆ ತಾಗಿ ಚರ್ಮ ಎದ್ದಿತ್ತು. ಅವನೇ ನನ್ನ ಕೈ ಹಿಡಿದು ನಲ್ಲಿಯ ಕೆಳಗೆ ಇಟ್ಟ.

ಉರಿಯಲಿಲ್ಲ. "ನಂದು ಎರಡೂ ಕಡೆ ಕಾದ ಚರ್ಮ ಬಿಡೋ, ಚಟ್ನಿ ಹಾಕ್ಕೊಂಡು ತಿಂದುಬಿಡು" ಅಂದೆ. ಅವನು ನಕ್ಕ. ವಾಷರ್ ಹೋದ ನಲ್ಲಿಯ ಹಾಗೆ ಜೋಕುಗಳು ತಾವೇ ತೊಟ್ಟಿಕ್ಕುತ್ತವೆ.

ಊಟ ಸೇರಲಿಲ್ಲ.

ಮಾರ್ಚ್ 9, ಭಾನುವಾರ

ಮಧ್ಯಾಹ್ನದ ಗಲಾಟೆ ಮುಗಿದಿದೆ. ಹಿಂದಿನ ಬಾಗಿಲ ಹತ್ತಿರ ಎಣ್ಣೆ ಡಬ್ಬದ ಮೇಲೆ ಕೂತಿದ್ದೇನೆ. ಎದುರಿಗೆ ಪಾರ್ಕಿಂಗ್ ಲಾಟು, ಅದರ ಆಚೆ ಫ್ರೀವೇ. ಮಿಲ್ಪಿಟಾಸಿಗೆ ಬಂದು ನಾಲ್ಕು ವರ್ಷ ಆಯಿತು. ನಾನು ನೋಡಿದ ಅಮೆರಿಕಾ ಬಹುತೇಕ ಇದೇ ಬಾಗಿಲಿನಷ್ಟು.

ನಮ್ಮ ಅಡಿಗೆಮನೆಯಲ್ಲಿ ಮಾತು ಕೇಳಿಸುವುದಿಲ್ಲ. ಹೊಗೆ ಎಳೆಯುವ ಫ್ಯಾನು ತಲೆಯ ಮೇಲೆ ವಿಮಾನದ ಹಾಗೆ ಕೂಗುತ್ತದೆ. ಅದಕ್ಕೇ ನಮ್ಮದೆಲ್ಲ ಕೈಸನ್ನೆ. ಬೆರಳು ಎತ್ತಿದರೆ ಸಾದಾ ದೋಸೆ, ಎಷ್ಟು ಬೆರಳೋ ಅಷ್ಟು. ಮುಷ್ಟಿ ಹಿಡಿದರೆ ಮಸಾಲೆ, ಒಳಗೆ ಪಲ್ಯ ಇದೆ ಅಂತ. ಅಂಗೈ ಮಗುಚಿದರೆ ಎರಡೂ ಕಡೆ ಬೇಯಿಸು. ಐದೂ ಬೆರಳು ಕೂಡಿಸಿ ಚಿಮುಕಿಸಿದರೆ ಕಾವಲಿ ಕಾದಿದೆ, ಹಿಟ್ಟು ತಾ. ಮೇಲ್ತುಟಿಯ ಮೇಲೆ ಬೆರಳು ಎಳೆದರೆ ಮಾಲೀಕ ರಮೇಶ್ ಬಂದ, ಹುಷಾರು. ಅವನ ಮೀಸೆ ಹಾಗಿದೆ. ಕಟ್ಟೆಯ ಕಲ್ಲಿಗೆ ಎರಡು ಸಲ ತಟ್ಟಿ ಅಂಗೈ ಬಿಚ್ಚಿದರೆ ತಟ್ಟೆ ರೆಡಿ, ಎತ್ತು, ತಣ್ಣಗಾಗುತ್ತದೆ.

ಇದನ್ನು ಯಾರು ಮಾಡಿದರೋ ಗೊತ್ತಿಲ್ಲ. ಹುಬ್ಬಳ್ಳಿ ಸ್ಟೇಷನ್ ರೋಡಿನ ಹೋಟೆಲಿನಲ್ಲಿ ಹದಿಮೂರನೇ ವಯಸ್ಸಿಗೆ ಕಲಿತದ್ದು. ಅಡಿವೆಪ್ಪ ಕಲಿತದ್ದು ಬೈಲಹೊಂಗಲದಲ್ಲಿ, ಆದರೂ ನಾವಿಬ್ಬರೂ ಮೊದಲ ದಿನವೇ ಒಬ್ಬರಿಗೊಬ್ಬರು ತಿಳಿದೆವು. ಮೀಸೆ ಮಾತ್ರ ಇಲ್ಲಿ ಬಂದ ಮೇಲೆ ಸೇರಿಸಿದ್ದು.

ಇವತ್ತು ಅಡಿವೆಪ್ಪ ಕೇಳಿದ. "ಮಗಳದು ಏನಂದ್ರೋ ಡಾಕ್ಟರು?"

"ಆಕಿಗೆ ನನ್ನ ಜೋಕ್ ಕೇಳೂ ಕಷ್ಟ ಇಲ್ಲಂತ. ಪುಣ್ಯವಂತಿ."

ಅವನು ನಗಲಿಲ್ಲ. ಮುಷ್ಟಿ ಹಿಡಿದು ನಾಲ್ಕು ಬೆರಳು ತೋರಿಸಿದ, ನಾಲ್ಕು ಮಸಾಲೆ. ಹಾಕಿದೆ.

ಮಾರ್ಚ್ 10, ಸೋಮವಾರ

ಸೋಮವಾರ ಹೋಟೆಲಿಗೆ ರಜೆ. ಮನೆಯಲ್ಲಿ ನಾನೇ ದೋಸೆ ಹಾಕುತ್ತೇನೆ. ಪಟ್ಟಿ ಕಟ್ಟಿದ ಎತ್ತರದ ಕುರ್ಚಿಯಲ್ಲಿ ದೀಪಾಲಿ ಕೂತು ನೋಡುತ್ತಾಳೆ. ಎಲ್ಲಕ್ಕಿಂತ ಅವಳಿಗೆ ಇಷ್ಟ ನೀರು. ಕಾದ ಕಾವಲಿಗೆ ನಾನು ನೀರು ಚಿಮುಕಿಸುವಾಗ ಬಾಯಿ ತೆಗೆದು ಕಾಯುತ್ತಾಳೆ. ಚುಂಯ್ ಅಂತ ಬಿಳಿ ಹಬೆ ಏಳುತ್ತದೆ. ಚುಂಯ್ ಅವಳಿಗಿಲ್ಲ, ಬಿಳಿ ಮಾತ್ರ.

ದೋಸೆ ಆಯಿತು. ನಾನು ಅಭ್ಯಾಸಬಲದಿಂದ ಕಟ್ಟೆಗೆ ಎರಡು ಸಲ ತಟ್ಟಿ ಅಂಗೈ ಬಿಚ್ಚಿದೆ.

"ನಾನೇನು ನಿಮ್ಮ ಹೋಟೆಲ್ ಸರ್ವರ್ ಏನ್ರಿ?" ನೀಲಾಬಾಯಿ ಸಿಡಿದಳು. "ಬಾಯಿ ಸತ್ತೈತೇನು? ದೋಸಿ ತಗೋ ಅನ್ನಾಕ ಬರೂದಿಲ್ಲ?"

"ಮೂವತ್ತೈದು ವರ್ಷದ ಚಟ ಮಾರಾಯ್ತಿ. ನಿದ್ದ್ಯಾಗೂ ತಟ್ಟತೀನಿ."

"ಕೂಸಿನ ಮುಂದ ತಟ್ಟಬ್ಯಾಡ್ರಿ. ಕೈಗೋಳ ಕಟ್ಟಿ ಕುಂದರ್ರಿ. ಆಕಿ ತುಟಿ ನೋಡಬೇಕು, ಕೈ ಅಲ್ಲ."

ಆಮೇಲೆ ದೀಪಾಲಿಯ ಮುಂದೆ ಕೂತು ದೋಸೆಯ ಚೂರು ಎತ್ತಿ ಹಿಡಿದಳು. "ದೋ-ಸೆ. ಅನ್ನವ್ವಾ. ದೋ-ಸೆ." ಹತ್ತು ಸಲ, ಇಪ್ಪತ್ತು ಸಲ. ಪಾಠ ಮಾಡುವಾಗ ಅವಳು ಪುಸ್ತಕದ ಕನ್ನಡ ಆಡುತ್ತಾಳೆ, ದೋಸಿ ಅನ್ನುವುದಿಲ್ಲ. ದೀಪಾಲಿ ಅವ್ವನ ತುಟಿಯನ್ನು ನೋಡಿದಳು, ಹಲ್ಲನ್ನು ನೋಡಿದಳು, ದೋಸೆಯನ್ನು ಕಸಿದು ತಿಂದಳು. ಹಾಲಿನಲ್ಲಿ ಬೆರಳು ಅದ್ದಿ ತಟ್ಟೆಗೆ ಚಿಮುಕಿಸಿದಳು. ನೀಲಾಬಾಯಿ ಒರೆಸಿದಳು. ಮತ್ತೆ ಚಿಮುಕಿಸಿದಳು. ನೀಲಾಬಾಯಿ ಲೋಟವನ್ನೇ ತೆಗೆದಳು.

ನಾನು ಕೈ ಕಟ್ಟಿಕೊಂಡು ಕೂತೆ. ಕೈ ಕಟ್ಟಿಕೊಂಡರೆ ದೋಸೆ ಮಗುಚುವುದು ಹೇಗೆ? ಒಂದು ದೋಸೆ ಸೀದಿತು. ಅದನ್ನು ನಾನೇ ತಿಂದೆ. ರುಚಿ ಗೊತ್ತಾಗಲಿಲ್ಲ.

ಮಾರ್ಚ್ 13, ಗುರುವಾರ

ಏನೂ ಇಲ್ಲ. ದೋಸೆ ಹಾಕಿದೆ.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಸಂಯುಕ್ತಾ ಮೇಡಂ ಕೆಳಗೆ ಬಂದು ಸುಮ್ಮನೆ ಮಾತಿಗೆ ಹೇಳಿದರು. "ನೀಲಕ್ಕ, ಮನೇಲೇ ಕೂತು ಕೂತು ಡಲ್ ಆಗ್ಬಿಟ್ಟಿದೀರ. ಒಂದು ಶನಿವಾರ ಎಲ್ಲಾದ್ರೂ ಹೋಗೋಣ. ಸಾಂತಾ ಕ್ರೂಜ್ ದಾರೀಲಿ ಬೆಟ್ಟದ ಮೇಲೆ ಹಳೇ ಹಬೆ ರೈಲಿದೆ, ದೊಡ್ಡ ದೊಡ್ಡ ಮರಗಳ ಮಧ್ಯೆ ಹೋಗತ್ತೆ. ಮಕ್ಕಳಿಗೆ ಭಾಳ ಇಷ್ಟ. ಆದ್ರೆ ಅದರ ವಿಶಲ್ಲು ಇದೆಯಲ್ಲ, ಅಬ್ಬಬ್ಬ, ಇಡೀ ಕಾಡಿಗೇ ಕೇಳತ್ತೆ. ಮಕ್ಕಳೆಲ್ಲ ಕಿವಿ ಮುಚ್ಕೋತಾವೆ."

ನೀಲಾಬಾಯಿಯ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು.

ಮೇಡಂ ಹೋದ ಮೇಲೆ ಅವಳು ನನ್ನ ಎದುರಿಗೆ ಬಂದು ಕೂತಳು. "ಅಲ್ಲಿ ಆಸ್ಪತ್ರ್ಯಾಗ ಸಣ್ಣ ಡಬ್ಬಿ ಒಳಗ ಕುಂದ್ರಿಸಿ ಪೀಂ ಪೀಂ ಅನಸ್ತಾರ. ಅದೇನು ಸದ್ದಾ? ಖರೇ ಸದ್ದು ಯಾರು ಕೇಳಿಸ್ಯಾರ ಆಕಿಗೆ?"

"ಡಾಕ್ಟರು ಫೋಟೋ ನೋಡಿ ಹೇಳ್ಯಾರಲ್ಲ."

"ಫೋಟೋದಾಗ ಏನ ಗೊತ್ತಾಕ್ಕೈತಿ? ನಿಮ್ಮ ಪಾಸ್‌ಪೋರ್ಟ್ ಫೋಟೋದಾಗ ನೀವು ಶಾಣ್ಯಾ ಕಾಣಸ್ತೀರಿ."

ಮನೆಯಲ್ಲಿ ಇಬ್ಬರು ಜೋಕರು ಇದ್ದೇವೆ ಅಂತ ಇವತ್ತು ಗೊತ್ತಾಯಿತು. ಆದರೆ ಅವಳು ನಗುತ್ತಿರಲಿಲ್ಲ. ಬರುವ ಶನಿವಾರ ರಜೆ ಕೇಳ್ರಿ ಅಂದಳು.

ಮಾರ್ಚ್ 17, ಸೋಮವಾರ

ಶನಿವಾರ ರಜೆ ಕೇಳುವ ದೋಸೆ ಮಾಸ್ಟರನೂ ಒಂದೇ, ಮದುವೆಯ ದಿನ ರಜೆ ಕೇಳುವ ಮದುಮಗನೂ ಒಂದೇ. ಹೇಗೆ ಕೇಳಲಿ ಅಂತ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ರಮೇಶನೇ ಮನೆಗೆ ಬಂದ. ಮಗುವಿನ ವಿಷಯ ಅಡಿವೆಪ್ಪ ಹೇಳಿದ್ದನಂತೆ. ಮೈಸೂರುಪಾಕಿನ ಡಬ್ಬ ಹಿಡಿದು ಬಾಗಿಲಲ್ಲಿ ನಿಂತಿದ್ದ.

ದೀಪಾಲಿ ನನ್ನ ಕಾಲಿನ ಹಿಂದಿನಿಂದ ಅವನನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೇಲ್ತುಟಿಯ ಮೇಲೆ ಬೆರಳು ಎಳೆದಳು.

 ಎಲ್ಲಿ ಕಲಿತಳು? ಎರಡು ಸಲ ನೀಲಾಬಾಯಿ ಬುತ್ತಿ ಕೊಡಲು ಹೋಟೆಲಿನ ಹಿಂಬಾಗಿಲಿಗೆ ಇವಳನ್ನು ಎತ್ತಿಕೊಂಡು ಬಂದಿದ್ದಳು. ಅಷ್ಟೇ ನೋಡಿದ್ದು. ಮೊನ್ನೆ ಮನೆಯಲ್ಲಿ ಅಡಿವೆಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತ ನಾನೂ ಒಮ್ಮೆ ಮಾಡಿದ್ದೆನೇನೋ.

"ಓ, ನೋಡಿ ನೋಡಿ, ಪಾಪುಗೆ ನನ್ ಮೀಸೆ ಇಷ್ಟ ಆಗೋಯ್ತು!" ರಮೇಶ ಬಗ್ಗಿ ಮೀಸೆ ಕುಣಿಸಿದ. ದೀಪಾಲಿ ಇನ್ನೊಮ್ಮೆ ಎಳೆದಳು, ನನ್ನ ಪ್ಯಾಂಟು ಜಗ್ಗಿದಳು. ಮಾಲೀಕ ಬಂದಿದ್ದಾನೆ, ಕೆಲಸ ಮಾಡು ಅಂತ.

ನಾನು ಮುಖ ಗಂಟು ಹಾಕಿ ನಿಂತೆ. ನಕ್ಕರೆ ಕೆಲಸ ಹೋಗುತ್ತದೆ.

"ಶನಿವಾರ ರಜಾನಾ? ಕುಬೇರಪ್ಪ, ಅವತ್ತು ಇಲ್ಲೇ ಪಕ್ಕದ ಡಬ್ಲಿನ್‌ನಲ್ಲಿ ನಾಮಕರಣ ಆರ್ಡರ್ ಇದೆ ಕಣ್ರೀ, ನೂರೈವತ್ತು ಜನ." ಮೀಸೆಯನ್ನು ಎರಡು ಸಲ ಸವರಿದ. ದೀಪಾಲಿಯನ್ನು ನೋಡಿದ. "ಹೋಗಿ ಬನ್ನಿ ಪರವಾಗಿಲ್ಲ. ಅಡಿವೆಪ್ಪ ಇದ್ದಾರಲ್ಲ."

ಅವನು ಹೋದ ಮೇಲೆ ನೀಲಾಬಾಯಿ ಕೇಳಿದಳು. "ಆ ಕೂಸು ತುಟಿ ಯಾಕ ಒರಸ್ಕೊಂತು?"

"ನೆಗಡಿ ಇರಬೇಕು" ಅಂದೆ.

ಮಾರ್ಚ್ 21, ಶುಕ್ರವಾರ

ನೀಲಾಬಾಯಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಕಟ್ಟುತ್ತಿದ್ದಾಳೆ. ಹೊಸ ಕೆಂಪು ಫ್ರಾಕು ಇಸ್ತ್ರಿ ಮಾಡಿ ಇಟ್ಟಿದ್ದಾಳೆ. ತೆಗೆದು ಇಟ್ಟಿದ್ದ ಕಿವಿಯ ಮೆಷಿನ್ನುಗಳಿಗೆ ಹೊಸ ಬ್ಯಾಟರಿ ಹಾಕಿದಳು. ಹಾಡು ಗುಣುಗುಣಿಸುತ್ತಿದ್ದಾಳೆ. ಹದಿನೈದು ದಿನದಲ್ಲಿ ಇದೇ ಮೊದಲು.

ಕೇಳಿಸದಿದ್ದರೆ ಏನು ಮಾಡುತ್ತಿ ಅಂತ ಕೇಳಬೇಕು ಅಂದುಕೊಂಡೆ. ಕೇಳಲಿಲ್ಲ. ರೊಟ್ಟಿ ಎಣಿಸಿದೆ, ಹನ್ನೆರಡು ಇದ್ದವು.

ಮಾರ್ಚ್ 22, ಶನಿವಾರ

ಸಂಜೆ ಆರಕ್ಕೆ ವಾಪಸ್ ಬಂದೆವು. ಮರೆಯುವ ಮೊದಲು ಬರೆಯುತ್ತೇನೆ.

ಮೇಡಂ ಕಾರು ಓಡಿಸಿದರು. ಸ್ಯಾನ್ ಹೋಸೆ ದಾಟಿ ಬೆಟ್ಟದ ರಸ್ತೆ ಹತ್ತಿದ ಕೂಡಲೇ ತಿರುವುಗಳು ಶುರುವಾದವು. ನೀಲಾಬಾಯಿಗೆ ವಾಂತಿ. "ರಸ್ತೆ ಹಾಕಿದಾಂವ ಜಿಲೇಬಿ ಮಾಸ್ಟರ್ ಇರಬೇಕು" ಅಂದೆ. ಮೇಡಂ ನಕ್ಕರು, ನೀಲಾಬಾಯಿ ಚೀಲದೊಳಗಿಂದಲೇ ಬೈದಳು. ದೀಪಾಲಿ ಮಗುವಿನ ಸೀಟಿನಲ್ಲಿ ಕಾಲು ಬಡಿಯುತ್ತಿದ್ದಳು, ತಿರುವು ಬಂದಾಗಲೆಲ್ಲ ಖುಷಿ.

ಅಲ್ಲಿಯ ಮರಗಳು ಎಷ್ಟು ದಪ್ಪ ಅಂದರೆ, ಒಂದೊಂದರ ಬುಡದಲ್ಲಿ ನಮ್ಮ ಅಡಿಗೆಮನೆ ಹಿಡಿಸುತ್ತದೆ. ಎಲ್ಲ ಕೆಂಪು, ಎಲ್ಲ ತಣ್ಣಗೆ. ಸ್ಟೇಷನ್ನು ಮರದ್ದು. ಇಂಜಿನ್ನು ಕರಿ ಬಣ್ಣದ್ದು, ಮುದುಕನ ಹಾಗೆ ನಿಂತಲ್ಲೇ ಉಸಿರು ಬಿಡುತ್ತಿತ್ತು. ಜನ ಬಹಳ. ನಮ್ಮ ಕಡೆಯವರೂ ಇದ್ದರು, ಮಕ್ಕಳು ಹೆಚ್ಚು.

ನೀಲಾಬಾಯಿ ದೀಪಾಲಿಯನ್ನು ಎತ್ತಿಕೊಂಡು ಇಂಜಿನ್ನಿಗೆ ಎಷ್ಟು ಹತ್ತಿರ ಬಿಡುತ್ತಾರೋ ಅಷ್ಟು ಹತ್ತಿರ ಹೋಗಿ ನಿಂತಳು. ಟೋಪಿ ಹಾಕಿದ ರೈಲಿನವನು ಏನೋ ಕೂಗಿ ಹೇಳಿದ. "ಕಿವಿ ಮುಚ್ಕೊಳಿ ಅಂತಿದ್ದಾನೆ" ಅಂದರು ಮೇಡಂ. ಎಲ್ಲರೂ ಮುಚ್ಚಿಕೊಂಡರು. ನಾನೂ. ನೀಲಾಬಾಯಿ ಮಾತ್ರ ಮುಚ್ಚಲಿಲ್ಲ. ಅವಳು ಇಂಜಿನ್ನನ್ನು ನೋಡುತ್ತಿರಲಿಲ್ಲ, ಮಗಳ ಮುಖ ನೋಡುತ್ತಿದ್ದಳು.

ವಿಶಲ್ ಹೊಡೆಯಿತು. ಮುಚ್ಚಿದ ಕಿವಿಯ ಒಳಗೂ ನುಗ್ಗಿತು. ಪಕ್ಕದಲ್ಲಿ ಒಂದು ಮಗು ಕಿಟಾರನೆ ಅಳತೊಡಗಿತು. ಮರದ ಮೇಲಿದ್ದ ಕಾಗೆಗಳು ಎದ್ದವು.

ದೀಪಾಲಿ ಕಣ್ಣು ಪಿಳಿಕಿಸಲಿಲ್ಲ.

"ಇಂಜಿನ್ನ ನೋಡಕತ್ತಾಳ, ಅದಕ್ಕ" ಅಂದಳು ನೀಲಾಬಾಯಿ. ಮಗುವನ್ನು ತಿರುಗಿಸಿ ಇಂಜಿನ್ನಿಗೆ ಬೆನ್ನು ಮಾಡಿ ಎತ್ತಿಕೊಂಡಳು. "ಈಗ ಹೊಡೀಲಿ."

ಮೇಡಂ, "ನೀಲಕ್ಕ, ಸಾಕು ಬನ್ನಿ" ಅಂದರು.

"ಇನ್ನೊಮ್ಮೆ."

ಇನ್ನೊಮ್ಮೆ ಹೊಡೆಯಿತು, ಮೊದಲಿಗಿಂತ ಉದ್ದ. ಅಮೆರಿಕದ ಮಕ್ಕಳು, ನಮ್ಮ ಮಕ್ಕಳು, ಎಲ್ಲವೂ ಕಿವಿ ಮುಚ್ಚಿಕೊಂಡು ತಾಯಂದಿರ ಹೊಟ್ಟೆಗೆ ಮುಖ ಒತ್ತಿದವು. ದೀಪಾಲಿ ಅವ್ವನ ಸ್ವೆಟರಿನ ಗುಂಡಿಯನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿದ್ದಳು. ಒಂದು ಗುಂಡಿ ಸಡಿಲ ಇತ್ತು, ಅದರ ಮೇಲೇ ಅವಳ ಗಮನ.

ನೀಲಾಬಾಯಿ ಅವಳನ್ನು ನನ್ನ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂತಳು. ಅಳಲಿಲ್ಲ. ಪರ್ಸಿನ ಜಿಪ್ಪು ತೆಗೆದಳು, ಹಾಕಿದಳು, ತೆಗೆದಳು. ಮೇಡಂ ಅವಳ ಪಕ್ಕ ಕೂತರು.

ನನಗೆ ಏನೂ ಅನಿಸಲಿಲ್ಲ. ಮೊದಲೇ ಗೊತ್ತಿದ್ದ ಬಿಲ್ಲು ಅದು. ಏನಾದರೂ ತಮಾಷೆ ಹೇಳಬೇಕು ಅಂತ ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ನಲ್ಲಿ ನಿಂತಿತ್ತು.

ಆಗ ಇಂಜಿನ್ನಿನ ಚಕ್ರದ ಹತ್ತಿರದಿಂದ ಚುಂಯ್ ಅಂತ ಬಿಳಿ ಹಬೆ ಹೊರಟಿತು. ದೊಡ್ಡ ಹಬೆ, ನಮ್ಮ ಕಾಲಿನ ತನಕ ಬಂತು. ದೀಪಾಲಿ ನನ್ನ ಕೈಯಿಂದ ಇಳಿದಳು. ನನ್ನ ಅಂಗಿ ಜಗ್ಗಿದಳು. ಐದು ಬೆರಳು ಕೂಡಿಸಿ ಚಿಮುಕಿಸಿದಳು.

ಬಾಯಾರಿಕೆ ಅಂತ ನೀರಿನ ಬಾಟಲಿ ಕೊಟ್ಟೆ. ತಳ್ಳಿದಳು. ಮತ್ತೆ ಚಿಮುಕಿಸಿದಳು. ಇಂಜಿನ್ನನ್ನು ತೋರಿಸಿದಳು. ಆಮೇಲೆ ನನ್ನ ಹೊಟ್ಟೆಯನ್ನು ಬೆರಳಿನಿಂದ ಚುಚ್ಚಿದಳು. ಮೊದಲಿಂದ ಮತ್ತೆ: ಬೆರಳು, ಇಂಜಿನ್ನು, ನನ್ನ ಹೊಟ್ಟೆ. ದಡ್ಡನಿಗೆ ಹೇಳುವ ಹಾಗೆ ನಿಧಾನವಾಗಿ.

ಬೆಂಚಿನ ಮೇಲಿಂದ ನೀಲಾಬಾಯಿ ಹೇಳಿದಳು. "ಆಕಿ ನೀರ ಕೇಳಾಕತ್ತಿಲ್ರಿ."

"ಮತ್ತೇನು?"

"ಕಾವಲಿ ಅನ್ನಾಕತ್ತಾಳ. ಅದು ನಿಂದೇನು ಅಂತ ಕೇಳಾಕತ್ತಾಳ ನಿಮ್ಮನ್ನ."

ನೋಡಿದರೆ ಹೌದು. ಕರಿ ಕಬ್ಬಿಣ, ಕೆಳಗೆ ಬೆಂಕಿ, ನೀರು ಬಿದ್ದು ಬಿಳಿ. ಇಷ್ಟು ದೊಡ್ಡ ಕಾವಲಿ ಅಪ್ಪಂದೇನು?

ಮಗು ಕಾಯುತ್ತಿತ್ತು. ಗಿರಾಕಿ ಕೇಳಿದ ಮೇಲೆ ಉತ್ತರ ಕೊಡಬೇಕು. ನಾನು ನೀಲಾಬಾಯಿಯ ಮುಖ ನೋಡಲಿಲ್ಲ. ಬಗ್ಗಿ, ತಲೆ ಅಲ್ಲಾಡಿಸಿ, ನನ್ನದಲ್ಲ ಅಂದೆ. ಇಂಜಿನ್ನು ತೋರಿಸಿದೆ. ಮೇಲ್ತುಟಿಯ ಮೇಲೆ ಬೆರಳು ಎಳೆದೆ. ಮಾಲೀಕಂದು.

ದೀಪಾಲಿ ಒಂದು ಕ್ಷಣ ನನ್ನನ್ನು ನೋಡಿದಳು. ಇಂಜಿನ್ನನ್ನು ನೋಡಿದಳು. ಆಮೇಲೆ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಹಿಂದಕ್ಕೆ ಬಿದ್ದು ಕೂತು ನಕ್ಕಳು. ತಾನೂ ತುಟಿಯ ಮೇಲೆ ಬೆರಳು ಎಳೆದಳು, ಮತ್ತೆ ನಕ್ಕಳು. ಹತ್ತಿರ ನಿಂತವರು ತಿರುಗಿ ನೋಡಿದರು. ಅವಳ ನಗು ಸ್ವಲ್ಪ ಜೋರು, ಎಷ್ಟು ಜೋರು ಅಂತ ಅವಳಿಗೆ ಗೊತ್ತಿಲ್ಲ.

"ಏನದು ಮೀಸಿ?" ನೀಲಾಬಾಯಿ ಎದ್ದು ಬಂದಳು. "ಅವತ್ತು ನೆಗಡಿ ಅಂದ್ರಲ್ಲ?"

ಹೇಳಿದೆ. ಕೇಳಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲ್ಲಾಡುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಬೆಟ್ಟದ ತಿರುವು ಇನ್ನೂ ಹೊಟ್ಟೆಯಲ್ಲಿತ್ತೇನೋ. ಮೇಡಂ ಫೋನು ತೆಗೆದವರು ಹಾಗೇ ಒಳಗೆ ಇಟ್ಟರು.

ರೈಲು ಹತ್ತಿದೆವು. ಒಂದು ಗಂಟೆ ಕಾಡಿನಲ್ಲಿ ಸುತ್ತಿಸಿದರು. ದೀಪಾಲಿ ಅವ್ವನ ತೊಡೆಯ ಮೇಲೆ ನಿಂತು, ಎರಡೂ ಅಂಗೈಯನ್ನು ಮರದ ಗೋಡೆಗೆ ಒತ್ತಿ ಹಿಡಿದಿದ್ದಳು. ಗೋಡೆ ಗಡಗಡ ಅನ್ನುತ್ತಿತ್ತು. ನೀಲಾಬಾಯಿಯೂ ತನ್ನ ಅಂಗೈಯನ್ನು ಅವಳ ಕೈಯ ಪಕ್ಕ ಇಟ್ಟಳು. ಮೆಷಿನ್ನು ಕಿವಿಯಿಂದ ಜಾರಿ ಜೋತಾಡುತ್ತಿತ್ತು. ಅವಳು ಅದನ್ನು ಬಿಚ್ಚಿ ಪರ್ಸಿಗೆ ಹಾಕಿ ಜಿಪ್ಪು ಎಳೆದಳು.

ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಹನ್ನೆರಡರಲ್ಲಿ ಐದು ರೊಟ್ಟಿ ನಾನು ತಿಂದೆ. ಶೇಂಗಾ ಚಟ್ನಿಗೆ ಉಪ್ಪು ಸ್ವಲ್ಪ ಮುಂದಿತ್ತು.

ಮಾರ್ಚ್ 23, ಭಾನುವಾರ

ಇವತ್ತು ಮತ್ತೆ ಮಣಿಕಟ್ಟು ಕಾವಲಿಗೆ ತಾಗಿತು. ಹೊಯ್ಯೋ ಅಂತ ಫ್ಯಾನಿನ ಸದ್ದಿಗಿಂತ ಜೋರಾಗಿ ಕಿರುಚಿದೆನಂತೆ, ಕೌಂಟರಿನಿಂದ ರಮೇಶ ಓಡಿ ಬಂದ. ಅಡಿವೆಪ್ಪ ಟೂತ್‌ಪೇಸ್ಟ್ ಹಚ್ಚಿದ.

"ಆವತ್ತು ಅಷ್ಟು ಸುಟ್ಟಾಗ ಸುಮ್ಮನಿದ್ದಿ. ಇವತ್ತು ಇಷ್ಟಕ್ಕ ಅವ್ವಾ ಅಪ್ಪಾ ಅಂತೀಯಲ್ಲೋ?"

ಕಾವಲಿ ಹೆಚ್ಚು ಕಾದಿರಬೇಕು.

ಮಾರ್ಚ್ 26, ಬುಧವಾರ

ಅಡಿವೆಪ್ಪನಿಗೆ ಇಂಜಿನ್ನಿನ ಕಥೆ ಹೇಳಿದೆ. ಅವನು ಹೋಟೆಲಿನ ಎಲ್ಲರಿಗೂ ಹೇಳಿದ. ಈಗ ಅಡಿಗೆಮನೆಯಲ್ಲಿ ಹೊಸ ಸನ್ನೆ ಬಂದಿದೆ. ರಮೇಶ ಬಂದರೆ ಮೀಸೆ ಎಳೆದು, ಮೇಲಿನಿಂದ ರೈಲಿನ ವಿಶಲ್ಲಿನ ಹಗ್ಗ ಜಗ್ಗಿದ ಹಾಗೆ ಮಾಡುತ್ತಾರೆ. ದೀಪಾಲಿ ಕಲಿಸಿದ್ದು ಅಂತ ಅವರ ಲೆಕ್ಕ.

ಸಂಜೆ ಅವಳಿಗೆ ಹಗ್ಗ ಜಗ್ಗಿ ತೋರಿಸಿದೆ. ನಕ್ಕಳು. ಮೂರು ಸಲ ಮಾಡಿಸಿದಳು. ನೀಲಾಬಾಯಿ ಬಟ್ಟೆ ಮಡಚುತ್ತ ನೋಡಿದಳು, ಕೈ ಕಟ್ಟಿ ಕುಂದರ್ರಿ ಅನ್ನಲಿಲ್ಲ. ಮರೆತಿರಬೇಕು.

ಮಾರ್ಚ್ 31, ಸೋಮವಾರ

ಯುಗಾದಿ ನಿನ್ನೆ. ಹೋಟೆಲಿನಲ್ಲಿ ಇಡೀ ಬೇ ಏರಿಯಾ ಒಬ್ಬಟ್ಟಿಗೆ ಸಾಲು ನಿಂತಿತ್ತು. ನಮ್ಮ ಮನೆಯ ಹಬ್ಬ ಒಂದು ದಿನ ತಡ, ಇವತ್ತು. ನೀಲಾಬಾಯಿ ಬೆಳಿಗ್ಗೆಯಿಂದ ಹೋಳಿಗೆ ತಟ್ಟುತ್ತಿದ್ದಾಳೆ. ನನ್ನನ್ನು ಒಲೆಯ ಹತ್ತಿರ ಬಿಟ್ಟಿಲ್ಲ. ನಿಮ್ಮ ಕೈ ಹೋಟೆಲ್ ಕೈ, ಅಂದಳು.

ಸಂಯುಕ್ತಾ ಮೇಡಂ ಒಂದು ಫಾರ್ಮು ತುಂಬಿ ಕಳಿಸಿದ್ದರು, ಅದರ ಸುದ್ದಿ ಹೇಳಲು ಕೆಳಗೆ ಬಂದರು. ಫ್ರೀಮಾಂಟಿನಲ್ಲಿ ಇಂಥ ಮಕ್ಕಳ ದೊಡ್ಡ ಸ್ಕೂಲಿದೆ, ಇಲ್ಲಿಂದ ಹತ್ತಿರವೇ. ಮೊದಲು ಒಬ್ಬ ಟೀಚರು ಮನೆಗೆ ಬರುತ್ತಾರಂತೆ, ಬುಧವಾರ ಹತ್ತು ಗಂಟೆಗೆ. ಆ ಟೀಚರಿಗೂ ಕಿವಿ ಕೇಳಿಸುವುದಿಲ್ಲವಂತೆ.

"ಆಕಿಗೆ ಕೇಳ್ಸೂದಿಲ್ಲ, ನಮಗ ಇಂಗ್ಲಿಷ್ ಬರೂದಿಲ್ಲ. ಯಾರು ಯಾರಿಗೆ ಏನ್ ಹೇಳೂದ್ರಿ?" ನೀಲಾಬಾಯಿ ಕೇಳಿದಳು.

"ನೀಲಕ್ಕ, ಅವರು ಕೈಯಲ್ಲೇ ಹೇಳ್ತಾರೆ. ನೀವೂ ಕೈಯಲ್ಲೇ ಹೇಳಿ. ಇಂಗ್ಲಿಷ್ ಯಾಕ್ ಬೇಕು?"

"ಹಂಗಾರ ಆಕಿ ಮುಂದ ನಂಗೂ ಇಂಗ್ಲಿಷ್ ಬರೋರಿಗೂ ಫರಕ ಇಲ್ಲಲ್ಲ" ಅಂದಳು. ಇನ್ನೊಂದು ಹೋಳಿಗೆ ತಟ್ಟಿ, "ಬರ್ಲಿ. ಹೋಳಗಿ ತಿಂತಾಳೇನ ಕೇಳ್ರಿ" ಅಂದಳು.

ಮೇಡಂ ಹೋದ ಮೇಲೆ ಗೋಡೆಗೆ ಮುಖ ಮಾಡಿ, "ನಾನು ಮಾತಾಡೂದೇನ ಬಿಡಂಗಿಲ್ಲ ಮತ್ತ" ಅಂತಲೂ ಅಂದಳು. ಗೋಡೆ ಒಪ್ಪಿತು.

ನನಗೆ ಒಂದೇ ಚಿಂತೆ. ಅಮೆರಿಕದ ಕೈಯಲ್ಲಿ ಮಸಾಲೆ ದೋಸೆಗೆ ಏನನ್ನುತ್ತಾರೋ. ಅವರು ಮುಷ್ಟಿ ಹಿಡಿದರೆ ಹೊಡೆಯುತ್ತಾರೆ ಅಂತ ಇದ್ದರೆ? ಆ ಟೀಚರಿಗೆ ಮೊದಲೇ ಹೇಳಬೇಕು, ನಮ್ಮ ಮಗಳದ್ದು ಸ್ಟೇಷನ್ ರೋಡಿನ ಭಾಷೆ, ಬೈದರೆ ಬೇಜಾರು ಮಾಡಿಕೊಳ್ಳಬೇಡಿ ಅಂತ. ಹೇಗೆ ಹೇಳುವುದು? ಕನ್ನಡಿಯ ಮುಂದೆ ನಿಂತು ಸ್ವಲ್ಪ ಪ್ರಯತ್ನ ಮಾಡಿದೆ. ಕೈ ಮುಗಿಯುವ ತನಕ ಬಂತು, ಮುಂದೆ ಗೊತ್ತಾಗಲಿಲ್ಲ.

ಪುಸ್ತಕದಲ್ಲಿ ಇನ್ನು ಎಂಟು ಹಾಳೆ ಇವೆ. ಕಾರ್ಬನ್ ಸವೆದು ಕೆಳಗಿನ ಪ್ರತಿ ಕಾಣುವುದೇ ಇಲ್ಲ. ಹೊಸದು ತರಬೇಕು. ಹಿಂದಿನ ಹಾಳೆಗಳನ್ನು ತಿರುವಿ ನೋಡಿದೆ. ಮಾರ್ಚ್ ಹದಿಮೂರಕ್ಕೆ ದೋಸೆ ಹಾಕಿದೆ ಅಂತ ಮಾತ್ರ ಇದೆ. ಅವತ್ತು ಏನು

ಇಲ್ಲಿ ನಿಲ್ಲಿಸಬೇಕಾಯಿತು. ದೀಪಾಲಿ ಬಂದಿದ್ದಾಳೆ. ಗಲ್ಲಕ್ಕೆ ಹೂರಣ ಹತ್ತಿದೆ. ನನ್ನ ಮೊಣಕಾಲಿಗೆ ಎರಡು ಸಲ ತಟ್ಟಿ ಅಂಗೈ ಬಿಚ್ಚಿದಳು.

ತಟ್ಟೆ ರೆಡಿ. ಎತ್ತು.

ಇದನ್ನು ಎಲ್ಲಿ ಕಲಿತಳು ಅಂತ ತಲೆ ಎತ್ತಿದೆ. ಅಡಿಗೆಮನೆಯ ಬಾಗಿಲಲ್ಲಿ ನೀಲಾಬಾಯಿ ನಿಂತಿದ್ದಾಳೆ. ಕೈಗೆಲ್ಲ ಮೈದಾ ಹಿಟ್ಟು. ದಿನಾ ಊಟಕ್ಕೆ ಬರ್ರಿ ಅಂತ ಮಹಡಿಯ ತನಕ ಕೇಳುವ ಹಾಗೆ ಕೂಗುವವಳು ಇವತ್ತು ಬಾಯಿ ತೆರೆದಿಲ್ಲ. ಬಾಗಿಲ ಚೌಕಟ್ಟಿಗೆ ಎರಡು ಸಲ ತಟ್ಟಿದಳು, ಅಂಗೈ ಬಿಚ್ಚಿದಳು. ದೀಪಾಲಿ ಅವಳನ್ನು ನೋಡಿ, ನನ್ನ ಮೊಣಕಾಲಿಗೆ ಮತ್ತೆ ಎರಡು ತಟ್ಟಿದಳು, ಈ ಸಲ ಜೋರಾಗಿ.

ತಣ್ಣಗಾಗುತ್ತದಂತೆ. ಹೋಗಬೇಕು.